ಅಣ್ಣನ ಮುಖ ಕಂಡವಳು

ಸೊಲ್ಮೆ ಊರಿನ ಸಮುದಾಯ ಭವನದ ಮೈಕು ಕೂಗಿಕೊಂಡಾಗ ಇಪ್ಬುನ್ ಅಂಗಳದಲ್ಲಿ ಚಾಪೆ ಹಾಸಿ ಕೆಂಪು ಮೆಣಸಿನಕಾಯಿ ಒಣಗಿಸುತ್ತಿದ್ದಳು. ಊರ ಮುಖಂಡ ಮೈಕು ಸಿಕ್ಕರೆ ಬಿಡುವವನಲ್ಲ. ಕಾಡುಹಂದಿ ಇಳಿಯಿತೆಂದೂ ಕೂಗುತ್ತಿದ್ದ, ಮೀನಿನ ಗಾಡಿ ಬಂತೆಂದೂ ಕೂಗುತ್ತಿದ್ದ. ಹಾಗಾಗಿ ಅವಳು ಮೊದಲು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಹಲೋ, ಹಲೋ. ಇಪ್ಬುನಜ್ಜೀ, ಎಲ್ಲಿದ್ರೂ ಬೇಗ ಬನ್ನಿ. ಮಿಲಿಟರಿಯವರು ಬಂದು ಕೂತಿದಾರೆ. ಮೆಣಸಿನಕಾಯಿ ಆಮೇಲೆ ಹರಡ್ಕೊಳ್ಳಿ."

ಮಿಲಿಟರಿಯವರು ಎಂದ ಕೂಡಲೇ ಅವಳಿಗೆ ನೆನಪಾದದ್ದು ಮೂಲಂಗಿ ಹೊಲ. ಹಿಂದಿನ ತಿಂಗಳು ಕವಾಯತಿಗೆ ಬಂದಿದ್ದ ಟ್ರಕ್ಕೊಂದು ತಿರುಗಿಸಿಕೊಳ್ಳುವಾಗ ಅವಳ ಹೊಲದ ಅಂಚು ತುಳಿದು ಹೋಗಿತ್ತು. ಕ್ಷಮೆ ಕೇಳಲು ಬಂದಿರಬೇಕು ಎಂದುಕೊಂಡಳು. ಸುಮ್ಮನೆ ಬಿಡಬಾರದು, ಚೆನ್ನಾಗಿ ಬೈದೇ ಕಳಿಸಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಾ ನಡೆದಳು.

ಭವನದಲ್ಲಿ ಇಬ್ಬರಿದ್ದರು. ಹಿರಿಯವನು ಕ್ಯಾಪ್ಟನ್. ಹಿರಿಯವನೆಂದರೂ ಅವಳ ಮೊಮ್ಮಗನ ವಯಸ್ಸು. ಅವಳನ್ನು ಕಂಡವನೇ ಎದ್ದು ನಿಂತು ಸೆಲ್ಯೂಟ್ ಹೊಡೆದ. ಎಪ್ಪತ್ತೆರಡು ವರ್ಷದಲ್ಲಿ ಅವಳಿಗೆ ಯಾರೂ ಸೆಲ್ಯೂಟ್ ಹೊಡೆದಿರಲಿಲ್ಲ. ಜೋಡಿಸಿಕೊಂಡಿದ್ದ ಬೈಗುಳವೆಲ್ಲ ಮರೆತುಹೋಯಿತು.

"ಅಮ್ಮಾ, ನಿಮ್ಮ ಅಣ್ಣ ಕ್ವೋನ್ ತೇಸಿಕ್ ಅವರು ಸಿಕ್ಕಿದಾರೆ."

"ಎಲ್ಲಿದಾನೆ?" ಎಂದಳು ಇಪ್ಬುನ್. ಪೇಟೆಗೆ ಹೋದವನು ತಡವಾಗಿ ಸಿಕ್ಕಿದನೇನೋ ಎಂಬಂತೆ ಬಾಗಿಲ ಕಡೆ ತಿರುಗಿಯೂ ನೋಡಿದಳು.

ಕ್ಯಾಪ್ಟನ್ ತಲೆ ತಗ್ಗಿಸಿದ. "ಗಂಗ್ವೊನ್ ಕಡೆ ಒಂದು ಬೆಟ್ಟದ ಮೇಲೆ, ಅಮ್ಮ. ಮಣ್ಣಿನಡಿ. ಈ ವರ್ಷದ ವಸಂತದಲ್ಲಿ ಅಗೆದಾಗ ಸಿಕ್ಕಿದ್ರು. ನೀವು ಕೊಟ್ಟಿದ್ದ ಎಂಜಲಿನ ಜೊತೆ ತಾಳೆ ನೋಡಿ, ಇವರೇ ಅಂತ ಗೊತ್ತಾಯ್ತು."

ಎಂಜಲು ಕೊಟ್ಟದ್ದು ಅವಳಿಗೆ ಮರೆತೇ ಹೋಗಿತ್ತು. ಯಾವಾಗಲೋ ಮಂಡಿನೋವಿಗೆ ಸೂಜಿ ಹಾಕಿಸಿಕೊಳ್ಳಲು ಆರೋಗ್ಯ ಕೇಂದ್ರಕ್ಕೆ ಹೋಗಿದ್ದಾಗ ನರ್ಸು ಹುಡುಗಿ, "ಯುದ್ಧಕ್ಕೆ ಹೋಗಿ ಬಾರದವರು ಯಾರಾದ್ರೂ ಇದಾರಾ ಅಜ್ಜಿ?" ಎಂದು ಕೇಳಿ, ಹತ್ತಿ ಸುತ್ತಿದ ಕಡ್ಡಿಯೊಂದನ್ನು ಕೆನ್ನೆಯೊಳಗೆ ಆಡಿಸಿದ್ದಳು. ಅದರಿಂದ ಅಣ್ಣ ಸಿಗುತ್ತಾನೆಂದು ಯಾರು ನಂಬುತ್ತಾರೆ?

ಸಿಕ್ಕಿದನೆಂದರೆ ಪೂರ್ತಿ ಸಿಕ್ಕಿರಲಿಲ್ಲ. ಎರಡು ಕಾಲಿನ ಮೂಳೆಗಳು, ಸೊಂಟದ ಒಂದು ಭಾಗ, ಕೆಲವು ಪಕ್ಕೆಲುಬು, ಅಷ್ಟೇ ಎಂದು ಕ್ಯಾಪ್ಟನ್ ಮೆಲ್ಲಗೆ ಹೇಳಿದ. ದೇಜೋನ್‌ನ ಸೈನಿಕರ ಸ್ಮಶಾನದಲ್ಲಿ ಗೌರವದಿಂದ ಮಣ್ಣು ಮಾಡುತ್ತೇವೆ ಎಂದ. ಆಮೇಲೆ ಕೇಳಿದ, "ಅಣ್ಣನ ಫೋಟೋ ಇದೆಯಾ? ಎದುರಿಗೆ ಇಡೋದಕ್ಕೆ."

"ಒಂದಿತ್ತು. ಅಮ್ಮ ಸಾಯುವಾಗ ತನ್ನ ಎದೆ ಮೇಲೆ ಇಡು ಅಂದ್ಳು. ನಾನೇ ಇಟ್ಟೆ. ಅವಳ ಜೊತೆ ಹೋಯ್ತು."

"ಮದುವೆ ಆಗಿತ್ತಾ? ಹೆಂಡತಿ?"

"ಇದ್ಲು. ಓಡಿಹೋದ್ಲು. ಅಷ್ಟೇ ಬರ್ಕೊಳ್ಳಿ," ಎಂದಳು ಇಪ್ಬುನ್. ಕ್ಯಾಪ್ಟನ್‌ನ ತೋಳು ಹಿಡಿದುಕೊಂಡಳು. "ನೋಡಪ್ಪ, ಅವನನ್ನ ಸೀದಾ ಸ್ಮಶಾನಕ್ಕೆ ಒಯ್ಯಬೇಡ. ಒಂದು ಸಲ ಮನೆಗೆ ಕರ್ಕೊಂಡು ಬಾ. ಅಮ್ಮ ಸಾಯೋವರೆಗೂ ಬಾಗಿಲಿಗೆ ಚಿಲಕ ಹಾಕ್ಲಿಲ್ಲ. ಅಂಗಳ ತುಳಿದು ಹೋಗ್ಲಿ."

ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಅವನು ಹೋದ. ವಾರದೊಳಗೆ ಫೋನ್ ಬಂತು. ಕೊಯ್ಲು ಮುಗಿದ ಮೇಲೆ, ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ಅವನನ್ನು ಮನೆಗೆ ತರುತ್ತಾರೆ.

ಅಂದಿನಿಂದ ಇಪ್ಬುನ್‌ಗೆ ಒಂದು ಚಿಂತೆ ಹತ್ತಿಕೊಂಡಿತು. ಅಣ್ಣನ ಮುಖ ನೆನಪಿಗೆ ಬರುತ್ತಿರಲಿಲ್ಲ.

ಅವನು ಯುದ್ಧಕ್ಕೆ ಹೋದಾಗ ಅವಳಿಗೆ ಹತ್ತು ವರ್ಷ. ಅವಳು ಅಮ್ಮನ ಕೊನೆಯ ಕೂಸು, ಅವನು ಮೊದಲನೆಯವನು. ನಡುವಿನವರೆಲ್ಲ ತೊಟ್ಟಿಲಲ್ಲೇ ಹೋಗಿದ್ದರು. ಸೌದೆ ತರಲು ಹೋಗುವಾಗ ಅವನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಮರದ ಹೊರೆಗೂಡಿನ ಮೇಲೆ ಅವಳನ್ನು ಕೂರಿಸಿಕೊಂಡು ನಡೆಯುತ್ತಿದ್ದ. ಅವಳಿಗೆ ನೆನಪಿದ್ದದ್ದು ಆ ಕುತ್ತಿಗೆ. ಬಿಸಿಲಿಗೆ ಕರಿದಾದ ಚರ್ಮ, ಅದರ ಮೇಲೆ ಸಾಲುಗಟ್ಟಿದ ಬೆವರು, ಎರಡು ದೊಡ್ಡ ಕಿವಿ. ಕಣ್ಣು ಮುಚ್ಚಿ ಎಷ್ಟು ಕರೆದರೂ ಅವನು ಈ ಕಡೆ ತಿರುಗುತ್ತಲೇ ಇರಲಿಲ್ಲ. ತಾನು ವರ್ಷ ವರ್ಷವೂ ಎಡೆ ಇಟ್ಟು ಅಡ್ಡಬಿದ್ದದ್ದು ಯಾವ ಮುಖಕ್ಕೆ ಎಂದು ಯೋಚಿಸಿದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಸತ್ತ ದಿನ ಗೊತ್ತಿಲ್ಲದವರಿಗೆ ಒಂಬತ್ತನೇ ತಿಂಗಳ ಒಂಬತ್ತಕ್ಕೆ ಎಡೆ ಇಡುವುದು ವಾಡಿಕೆ. ಅಮ್ಮ ಇದ್ದಷ್ಟು ದಿನ ಬದುಕಿರುವವನಿಗೆ ಎಂಥ ಎಡೆ ಎಂದು ಇಡಗೊಡಲಿಲ್ಲ. ಅವಳು ಹೋದ ಮೇಲೆ ಇಪ್ಬುನ್ ಒಂದು ಸಲವೂ ತಪ್ಪಿಸಿರಲಿಲ್ಲ.

ಅವನ ಮುಖ ನೋಡಿದವರು ಈಗ ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು. ಓಕ್ದಾನ್. ಹೊಳೆಯಾಚೆ ಹನ್ನೆ ಊರಿನ ಗಿರಣಿ ಮನೆಯವಳು. ತೇಸಿಕ್‌ನ ಹೆಂಡತಿಯಾಗಿ ಈ ಮನೆಗೆ ಬಂದು, ಗಂಡ ಯುದ್ಧದಲ್ಲಿ ಕಾಣೆಯಾದನೆಂಬ ಸುದ್ದಿ ಬಂದ ಮೇಲೂ ಕೆಲವು ಕಾಲ ಇದ್ದು, ಒಂದು ಬೆಳಗ್ಗೆ ಯಾರಿಗೂ ಹೇಳದೆ ಗಂಟು ಕಟ್ಟಿಕೊಂಡು ಹೋಗಿ, ಹನ್ನೆಯ ಗಿರಣಿಯ ವಿಧುರನನ್ನು ಕಟ್ಟಿಕೊಂಡವಳು.

ಅಣ್ಣ ಹೋದ ಮೇಲೆ ಇಪ್ಬುನ್ ಮಲಗಿದ್ದೆಲ್ಲ ಆ ಅತ್ತಿಗೆಯ ಹೊದಿಕೆಯಲ್ಲೇ. ಹೇನು ತೆಗೆದವಳೂ ಅವಳೇ, ಮೊದಲ ಸಲ ಬಟ್ಟೆ ಕೆಂಪಾದಾಗ ಹೆದರಬೇಡ ಎಂದವಳೂ ಅವಳೇ. ಆ ಬೆಳಗ್ಗೆ ಹೊದಿಕೆ ಖಾಲಿ ಇದ್ದದ್ದನ್ನು ಹದಿನಾಲ್ಕು ವರ್ಷದ ಇಪ್ಬುನ್ ಕ್ಷಮಿಸಲಿಲ್ಲ. ಅಮ್ಮನಂತೂ ಬಾವಿಕಟ್ಟೆಯ ಹತ್ತಿರ ನಿಂತು ಇಡೀ ಊರಿಗೆ ಕೇಳುವ ಹಾಗೆ ಹಿಡಿಶಾಪ ಹಾಕಿದ್ದಳು. ಮುಂದೆ ಸಂತೆಯಲ್ಲಿ ಎದುರಾದರೆ ಇಪ್ಬುನ್ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಅಮ್ಮ ಸತ್ತ ದಿನ ಓಕ್ದಾನ್ ಸೇತುವೆಯವರೆಗೆ ಬಂದು ನಿಂತಿದ್ದಳು. ಇಪ್ಬುನ್ ನೋಡಿದಳು, ಕರೆಯಲಿಲ್ಲ.

ಈಗ ಅವಳ ಹತ್ತಿರವೇ ಹೋಗಬೇಕು. ಎರಡು ದಿನ ಗೊಣಗಿದಳು, ಮೂರನೇ ದಿನ ಚಪ್ಪಲಿ ಮೆಟ್ಟಿದಳು.

ಹನ್ನೆಯ ಮುದುಕಿಯರು ಮಧ್ಯಾಹ್ನ ಊಟ ಮುಗಿಸಿ ತಮ್ಮ ಭವನದ ಬೆಚ್ಚಗಿನ ನೆಲದ ಮೇಲೆ ಸುತ್ತಲೂ ಕೂತು ಹೂವಿನೆಲೆ ಇಸ್ಪೀಟು ಆಡುತ್ತಿದ್ದರು. ಪಣಕ್ಕೆ ಸೋಯಾ ಕಾಳು. ಓಕ್ದಾನ್‌ಳ ಮುಂದೆ ಕಾಳಿನ ಗುಡ್ಡೆಯೇ ಇತ್ತು. ಬಾಗಿಲಲ್ಲಿ ಇಪ್ಬುನ್ ನಿಂತದ್ದನ್ನು ಕಂಡು ಉಳಿದವರೆಲ್ಲ ಗಪ್‌ಚಿಪ್. ಇಬ್ಬರ ನಡುವಿನ ಮುನಿಸು ಹೊಳೆಯ ಎರಡೂ ದಡಕ್ಕೆ ಗೊತ್ತಿದ್ದದ್ದೇ. ಓಕ್ದಾನ್ ಮಾತ್ರ ತಲೆ ಎತ್ತಲಿಲ್ಲ. ಅವಳಿಗೆ ಕಿವಿ ಮಂದ.

"ಅಣ್ಣ ಸಿಕ್ಕಿದ," ಎಂದಳು ಇಪ್ಬುನ್, ಬಾಗಿಲಿಂದಲೇ.

"ಹಣ್ಣಾ?" ಎಂದಳು ಓಕ್ದಾನ್ ಎಲೆಗಳನ್ನು ನೋಡುತ್ತಲೇ. "ಈ ವರ್ಷ ಎಲ್ಲಿಯ ಹಣ್ಣು ತಾಯಿ, ಆಲಿಕಲ್ಲು ಬಿದ್ದು ಸೇಬೆಲ್ಲಾ ಹುಳ ಕಚ್ಚಿದ ಹಾಗಾಗಿದೆ. ಬೇಕಿದ್ರೆ ನನ್ನ ಮಗ ಜೋಂಗ್ದುನ ಕೇಳು."

ಯಾರೋ ಕಿಸಕ್ಕೆಂದರು. ಇಪ್ಬುನ್‌ಗೆ ನಗುವೂ ಬಂತು, ಅಳುವೂ ಬಂತು, ಸಿಟ್ಟೂ ಬಂತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಯಲ್ಲಿ ಬಾರದಿದ್ದ ಮಾತು ತಾನಾಗಿ ಬಂದುಬಿಟ್ಟಿತು.

"ಅತ್ತಿಗೇ! ಹಣ್ಣಲ್ಲ, ಅಣ್ಣ! ನನ್ನಣ್ಣ! ತೇಸಿಕಣ್ಣ ಸಿಕ್ಕಿದ!"

ಓಕ್ದಾನ್ ತಲೆ ಎತ್ತಿದಳು. ಬಹಳ ಹೊತ್ತು ಇಪ್ಬುನ್‌ಳ ಬಾಯಿಯನ್ನೇ ನೋಡಿದಳು. ಆಮೇಲೆ ಕೈಯಲ್ಲಿದ್ದ ಎಲೆಗಳನ್ನು ಒಂದೊಂದಾಗಿ ಬೋರಲು ಇಟ್ಟಳು.

"ಎಲ್ಲಿ?"

"ಗಂಗ್ವೊನ್ ಬೆಟ್ಟದಲ್ಲಿ. ಮೂಳೆ."

"ಚಳಿ ಜಾಗ," ಎಂದಳು ಓಕ್ದಾನ್. ಗೋಡೆ ಹಿಡಿದುಕೊಂಡು ಎದ್ದಳು. "ನನ್ನ ಕಾಳು ಯಾರಾದ್ರೂ ಮುಟ್ಟಿದ್ರೆ ನೋಡಿ," ಎಂದು ಗೆಳತಿಯರಿಗೆ ಹೇಳಿ ಹೊರಗೆ ಬಂದಳು.

ಹೊಳೆಯ ಏರಿಯ ಮೇಲಿನ ಕಲ್ಲುಬೆಂಚಿನಲ್ಲಿ ಇಬ್ಬರೂ ಕೂತರು. ಬಂದ ಕೆಲಸವನ್ನು ಇಪ್ಬುನ್ ಸುತ್ತಿ ಬಳಸಿ ಹೇಳಲಿಲ್ಲ. ಫೋಟೋ ಇಲ್ಲ, ಮುಖ ಮರೆತುಹೋಗಿದೆ, ನಿನಗೆ ನೆನಪಿದ್ದರೆ ಹೇಳು ಎಂದಳು, ಅಷ್ಟೂ ಕಿರುಚಿ ಹೇಳಬೇಕಾಗಿ ಬಂದದ್ದರಿಂದ ಏರಿಯ ಕೆಳಗೆ ಬಟ್ಟೆ ಒಗೆಯುತ್ತಿದ್ದವಳೂ ಕೇಳಿಸಿಕೊಂಡಳು.

"ಚಂದವೇನಿರ್ಲಿಲ್ಲ ಬಿಡು ನಿಮ್ಮಣ್ಣ," ಎಂದಳು ಓಕ್ದಾನ್. "ಕಿವಿ ಎರಡೂ ಬಾಗಿಲು ತೆಗೆದಿಟ್ಟ ಹಾಗೆ. ಹಣೆ ಅಗಲ. ಮೂಗು ನಿಂದೇ, ನಿನ್ನ ಮುಖದಲ್ಲಿ ಕೂತಿದೆ ನೋಡು. ಎಡಗಣ್ಣಿನ ಹುಬ್ಬು ಅರ್ಧ ಇರ್ಲಿಲ್ಲ, ಚಿಕ್ಕವನಿದ್ದಾಗ ಒಲೆಗೆ ಬಿದ್ದಿದ್ರಂತೆ. ನಕ್ಕರೆ ಮೇಲಿನ ಒಸಡೆಲ್ಲಾ ಕಾಣೋದು. ಅದಕ್ಕೇ ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಿದ್ರು, ಹೊಸ ಮದುವಣಗಿತ್ತಿ ಹಾಗೆ. ನಾನೇನೋ ಅವರ ಹಾಗೆ ಬಾಯಿ ಮುಚ್ಕೊಳ್ತಿರ್ಲಿಲ್ಲ. ಅತ್ತೆ ಬೈಯೋರು, ಗಂಡಸು ಯಾರು ಹೆಂಗಸು ಯಾರು ಈ ಮನೇಲಿ ಅಂತ."

ಇಪ್ಬುನ್ ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಅದರದರ ಜಾಗದಲ್ಲಿ ಇಟ್ಟು ನೋಡುತ್ತಿದ್ದಳು.

"ಎಡೆಗೆ ಏನಿಡ್ತೀಯಾ?" ಎಂದಳು ಓಕ್ದಾನ್.

"ಅನ್ನ, ಸಾರು, ಸೊಪ್ಪು, ಉಪ್ಪು ಹಾಕಿದ ಬಂಗುಡೆ. ದೊಡ್ಡದೇ ತರ್ತೀನಿ."

"ಅಯ್ಯೋ ನಿನ್ನ! ಅವರು ಮೀನು ಮುಟ್ತಿರ್ಲಿಲ್ಲ ಕಣೇ. ಮುಟ್ಟಿದ್ರೆ ಮೈಯೆಲ್ಲ ದದ್ದು ಏಳೋದು. ಮದುವೆ ಊಟದ ಮೀನು ತಿಂದು ಮೂರು ದಿನ ಕೆರ್ಕೊಂಡ್ರು."

"ಇಷ್ಟು ವರ್ಷ ಬಂಗುಡೆ ಬಡಿಸಿದ್ನಲ್ಲೇ ನಾನು!"

"ತಿಂದಿರಲ್ಲ ಬಿಡು. ಉಪವಾಸ ಎದ್ದು ಹೋಗಿರ್ತಾರೆ."

ಇಬ್ಬರಿಗೂ ನಗು ಬಂತು. ನಕ್ಕು ಸುಸ್ತಾದ ಮೇಲೆಯೇ ಇಪ್ಬುನ್‌ಗೆ ಸಿಟ್ಟು ತಿರುಗಿ ಬಂದದ್ದು. "ಇಷ್ಟೆಲ್ಲಾ ನೆನಪಿಟ್ಕೊಂಡೋಳು ಯಾಕೆ ಓಡಿಹೋದೆ?" ಎಂದಳು. "ಒಂದು ಮಾತು ಹೇಳದೆ. ಕಳ್ಳಿ ಹಾಗೆ."

ಕೇಳಿಸಲಿಲ್ಲವೇನೋ ಎಂದು ಇಪ್ಬುನ್ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಓಕ್ದಾನ್ ಹೇಳಿದಳು.

"ಓಡಿಹೋಗ್ಲಿಲ್ಲ. ನಿಮ್ಮಮ್ಮ ಕಳಿಸಿದ್ರು."

"ಸುಳ್ಳು."

"ಸುಳ್ಳು ಅಂದ್ಕೋ. ನನಗೇನಾಗ್ಬೇಕು, ಎಂಬತ್ತೊಂದಾಯ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನೂ ಕತ್ತಲಿತ್ತು. ನನ್ನ ಎಬ್ಬಿಸಿ ಒಲೆ ಮುಂದೆ ಕೂರಿಸಿದ್ರು. ಬಿಳಿ ಅಕ್ಕಿ ಅನ್ನ ಮಾಡಿದ್ರು, ಆ ವರ್ಷದಲ್ಲಿ! ನಾನು ತಿಂದು ಮುಗಿಸೋವರೆಗೂ ಎದುರಿಗೆ ಕೂತು ನೋಡಿದ್ರು. ಗಂಟು ಅವರೇ ಕಟ್ಟಿಟ್ಟಿದ್ರು. ಹನ್ನೆ ಗಿರಣಿಯವರ ಹತ್ರ ಮಾತೂ ಆಡಿ ಬಂದಿದ್ರು. 'ಹೋಗು, ಬದುಕ್ಕೋ' ಅಂದ್ರು. ನಾನು ಹೋಗಲ್ಲ ಅಂತ ಅಳ್ತಾ ಕೂತೆ. ಅದಕ್ಕೆ ಅವರು ಹೇಳಿದ್ದು ಕೇಳು. 'ನಾನಾಗಿ ನಿನ್ನ ಕಳಿಸಿದೆ ಅಂದ್ರೆ ನನ್ನ ಮಗನ್ನ ನಾನೇ ಬಾಯಾರೆ ಕೊಂದ ಹಾಗೆ. ಅದು ನನ್ನಿಂದಾಗಲ್ಲ. ಅದಕ್ಕೇ ನೀನು ಓಡಿಹೋಗ್ಬೇಕು. ನಾನು ನಿನ್ನ ಬೈತೀನಿ, ಊರೆಲ್ಲಾ ಕೇಳೋ ಹಾಗೆ ಬೈತೀನಿ. ಮನಸ್ಸಿಗೆ ಹಚ್ಕೋಬೇಡ. ಚಿಕ್ಕವಳಿಗೂ ಹೇಳ್ಬೇಡ, ಅವಳು ಅಣ್ಣ ಬರ್ತಾನೆ ಅಂತ ಇರ್ಲಿ.' "

"ಸುಳ್ಳು," ಎಂದಳು ಇಪ್ಬುನ್ ಮತ್ತೆ, ಆದರೆ ಈ ಸಲ ಪಿಸುಮಾತಿನಲ್ಲಿ. ಅದು ಓಕ್ದಾನ್‌ಗೆ ಕೇಳಿಸಲಿಲ್ಲ.

"ಚೆನ್ನಾಗೇ ಬೈದ್ರು. ಸಂತೇಲಿ ಸಿಕ್ಕಿದಾಗೆಲ್ಲ ಬಾಯಿಗೆ ಬಂದ ಹಾಗೆ ಉಗೀತಿದ್ರು. ಉಗಿದು ಉಗಿದು, ಜನ ಆ ಕಡೆ ತಿರುಗಿದ್ರೆ ನನ್ನ ಬುಟ್ಟಿಗೆ ಏನಾದ್ರೂ ಹಾಕಿ ಹೋಗ್ತಿದ್ರು. ಒಂದ್ಸಲ ಜೋಂಗ್ದು ಹೊಟ್ಟೇಲಿದ್ದಾಗ ಕಡಲಪಾಚಿಯ ಕಟ್ಟು. ಬಾಣಂತಿ ಸಾರಿಗೆ ಅಂತ."

ಇಪ್ಬುನ್ ಎದ್ದಳು. ಹೋಗಿ ಬರುತ್ತೇನೆ ಎಂದೂ ಹೇಳದೆ ಸೇತುವೆಯ ಕಡೆ ನಡೆದಳು. ನಂಬಬಾರದು ಎಂದೇ ಅವಳಿಗೆ ಆಸೆ. ನಂಬಿದರೆ ಇಷ್ಟು ವರ್ಷ ತಿರುಗಿಸಿಕೊಂಡ ಮುಖವನ್ನೆಲ್ಲ ಏನು ಮಾಡುವುದು? ಆದರೆ ಸೇತುವೆಯ ನಡುವೆ ಬಂದಾಗ ಅವಳ ನಾಲಿಗೆಗೆ ಒಂದು ರುಚಿ ಬಂತು. ಆ ಬೆಳಗ್ಗೆ ಅತ್ತಿಗೆಯನ್ನು ಹುಡುಕುತ್ತಾ ಅಡುಗೆಮನೆಗೆ ಹೋದಾಗ ಕಬ್ಬಿಣದ ಗಡಿಗೆಯ ತಳದಲ್ಲಿ ಸೀದ ಅನ್ನದ ಚಕ್ಕೆ ಅಂಟಿಕೊಂಡಿತ್ತು. ಜೋಳವಲ್ಲ, ಬಾರ್ಲಿಯಲ್ಲ, ಅಪ್ಪಟ ಬಿಳಿ ಅಕ್ಕಿಯದು. ಅಳುತ್ತಲೇ ಅದನ್ನು ಕೆರೆದು ತಿಂದಿದ್ದಳು. ಯಾರ ಮನೆಯ ಹಬ್ಬಕ್ಕೆ ಅಮ್ಮ ಆ ಅನ್ನ ಮಾಡಿದ್ದಳೆಂದು ಅಂದು ಕೇಳಲಿಲ್ಲ. ಹಸಿವಿತ್ತು, ರುಚಿಯಿತ್ತು.

ಮನೆಗೆ ಹೋಗುವ ಬದಲು ಅವಳು ಸೀದಾ ಗುಡ್ಡ ಹತ್ತಿ ಅಮ್ಮನ ಗೋರಿಯ ಹತ್ತಿರ ಹೋದಳು. ಹುಲ್ಲು ಬೆಳೆದಿತ್ತು. ಕೈಯಲ್ಲೇ ಕಿತ್ತಳು. "ಎಂಥಾ ನಾಟಕಗಾರ್ತಿ ನೀನು!" ಎಂದು ದಿಬ್ಬಕ್ಕೆ ಬೈದಳು. "ಅವಳಿಗೆ ಬೈಯೋದನ್ನ ನನಗೂ ಕಲಿಸ್ದೆ. ನಾನು ನಿಜ ಅಂತ ಬೈದೆ ಕಣಮ್ಮ, ನಿನ್ನ ಹಾಗಲ್ಲ." ಹುಲ್ಲು ಕಿತ್ತು ಬೆರಳು ಹಸಿರಾಗುವವರೆಗೂ ಅಲ್ಲೇ ಇದ್ದಳು. ಇಳಿಯುವಾಗ ಹೇಳಿದಳು, "ಮಗ ಬರ್ತಾನೆ. ಇನ್ನು ಚಿಲಕ ಹಾಕ್ಕೊಂಡು ಮಲಗು."

ಮನೆತನದ ಹಿರಿಯ ಬ್ಯೊಂಗೊ. ಇಪ್ಬುನ್‌ಗೆ ಚಿಕ್ಕಪ್ಪನ ಮಗ. ಎಡೆ, ಪೂಜೆ, ಯಾರು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಅವನ ಬಾಯಲ್ಲೇ. ಅವನು ಬಂದು ಅಂಗಳ ಅಳೆಯುತ್ತಿದ್ದಾಗ ಇಪ್ಬುನ್ ಎರಡು ಮಾತು ಹೇಳಿದಳು. ಎಡೆಯಲ್ಲಿ ಮೀನು ಬೇಡ. ಮನೆಯವರ ಸಾಲಿನಲ್ಲಿ ಓಕ್ದಾನ್ ನಿಲ್ಲುತ್ತಾಳೆ.

"ಅಕ್ಕಾ, ನಿಮಗೇನಾಗಿದೆ? ಮೀನಿಲ್ಲದ ಎಡೆ ಎಲ್ಲಾದ್ರೂ ಇದೆಯಾ?"

"ಅವನಿಗೆ ದದ್ದು ಏಳುತ್ತೆ."

"ಸತ್ತವರಿಗೆ ಎಲ್ಲಿಂದ ದದ್ದು!"

"ಮೂಳೆ ಬರ್ತಿದೆ ಅಂತ ಸಾಲಾಗಿ ಬಗ್ಗೋಕೆ ಬರ್ತೀರಲ್ಲ, ಆ ಮೂಳೆ ಮೇಲಿದ್ದ ಚರ್ಮ ಹೇಗಿತ್ತು ಅಂತ ನಿಮಗೇನಾದ್ರೂ ಗೊತ್ತಾ?"

ಬ್ಯೊಂಗೊ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮೀನು ಬಿಡಿ, ಹೋಗ್ಲಿ. ಆದ್ರೆ ಬೇರೆ ಮನೆ ಸೇರಿ ನಾಲ್ಕು ಹೆತ್ತವಳು ನಮ್ಮ ಸಾಲಲ್ಲಿ ನಿಂತ್ರೆ ಜನ ನಗ್ತಾರೆ ಅಕ್ಕ. ಅದಾಗಲ್ಲ."

"ಅಣ್ಣ ಹೋದಾಗ ನಿನಗೆಷ್ಟು ವಯಸ್ಸು?"

"ಮೂರು."

"ಅವನ ಮುಖ ನೆನಪಿದೆಯಾ?"

"ಎಲ್ಲಿಂದ?"

"ನನಗೂ ಇಲ್ಲ. ಅವಳಿಗಿದೆ. ಅವಳನ್ನ ಬಿಟ್ಟು ನಾವು ನಾವೇ ನಿಂತ್ರೆ ಯಾರಿಗೆ ಯಾರು ಅತ್ತ ಹಾಗಾಯ್ತು?"

ಬ್ಯೊಂಗೊ ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಆದರೆ ಆಗಲ್ಲ ಎಂದವಳು ಓಕ್ದಾನ್. ಕರೆಯಲು ಹೋದ ಇಪ್ಬುನ್‌ಗೆ ಅವಳು ಖಡಾಖಂಡಿತ ಹೇಳಿಬಿಟ್ಟಳು: "ಬರ್ತೀನಿ, ಬೇಲಿ ಹತ್ರ ನಿಂತು ನೋಡ್ತೀನಿ. ಸಾಲಿಗೆ ಬರಲ್ಲ. ಗಿರಣಿಯವರು ನನ್ನ ಐವತ್ತು ವರ್ಷ ಬಾಳಿಸಿದ್ರು. ಹಿಂದಿನ ಮಾತು ಒಂದು ದಿನ ಎತ್ತಿ ಆಡ್ಲಿಲ್ಲ. ಅವರು ಸತ್ತು ಇನ್ನೂ ಆರು ವರ್ಷ ಆಗಿಲ್ಲ. ಈಗ ಬಿಳಿ ಬಟ್ಟೆ ಉಟ್ಟು ಇನ್ನೊಬ್ಬರ ಅಂಗಳದಲ್ಲಿ ನಿಂತ್ರೆ ಆ ಮನುಷ್ಯನಿಗೆ ಹೇಗಾಗಬೇಡ?"

ಇಪ್ಬುನ್ ಒಬ್ಬಳೇ ಸೇತುವೆ ದಾಟಿ ಹಿಂದೆ ಬಂದಳು.

ಅಣ್ಣ ಬಂದ ದಿನ ಆಕಾಶ ಶುಭ್ರವಾಗಿತ್ತು. ಗುಡ್ಡದ ಕಡೆಯಿಂದ ತಣ್ಣನೆ ಗಾಳಿ. ಊರ ಬಾಗಿಲಲ್ಲಿ ಕರಿ ಬಣ್ಣದ ಗಾಡಿ ನಿಂತಿತು. ಬಿಳಿ ಕೈಗವಸಿನ ಸೈನಿಕನೊಬ್ಬ ಕುತ್ತಿಗೆಗೆ ಹಾಕಿಕೊಂಡ ಬಿಳಿ ಬಟ್ಟೆಯಲ್ಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಡೆದು ಬಂದ; ಅವನ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಪೆಟ್ಟಿಗೆಗೆ ಬಾವುಟ ಹೊದಿಸಿತ್ತು. ಅವನ ಹಿಂದೆ ಕ್ಯಾಪ್ಟನ್. ಮಾತಿನ ಮಲ್ಲ ಊರ ಮುಖಂಡ ಅವತ್ತು ಮೈಕು ಮುಟ್ಟಲಿಲ್ಲ.

ಅಂಗಳದಲ್ಲಿ ಎಡೆ ಇಟ್ಟಿದ್ದರು. ಮೀನಿನ ಜಾಗದಲ್ಲಿ ಬ್ಯೊಂಗೊ ತಾನೇ ಹುರಿದ ತೋಫುವಿನ ತಟ್ಟೆ ಇಟ್ಟು, ಯಾರೂ ನೋಡಲಿಲ್ಲವೆಂಬಂತೆ ಕೆಮ್ಮಿದ. ಸಾರಾಯಿ ಸುರಿದರು, ಎಲ್ಲರೂ ಎರಡೆರಡು ಸಲ ಅಡ್ಡಬಿದ್ದರು. ಇಪ್ಬುನ್‌ಗೆ ಮಂಡಿ ಬಗ್ಗದೆ ಇಬ್ಬರು ಹಿಡಿದುಕೊಂಡರು. ಕ್ಯಾಪ್ಟನ್ ಗೌರವಪತ್ರ ಓದಿದ. ತೇಸಿಕ್ ಯಾವ ಬೆಟ್ಟ ಕಾದ, ಹೇಗೆ ಸತ್ತ ಎಂಬುದೆಲ್ಲ ಅದರಲ್ಲಿತ್ತು. ಇಪ್ಬುನ್‌ಳ ಗಮನ ಅಲ್ಲಿರಲಿಲ್ಲ. ಬೇಲಿಯ ಹೊರಗೆ ಓಕ್ದಾನ್ ನಿಂತಿದ್ದಳು. ಬೂದು ಬಣ್ಣದ ಸ್ವೆಟರು, ಕೈಯಲ್ಲಿ ಕೋಲು, ಪಕ್ಕದಲ್ಲಿ ಮಗ ಜೋಂಗ್ದು.

"ಬೇರೆ ಯಾರಾದ್ರೂ ನಮಸ್ಕಾರ ಮಾಡೋರಿದಾರಾ?" ಎಂದು ಕ್ಯಾಪ್ಟನ್ ಕೇಳಿದ.

"ಅತ್ತಿಗೇ, ಬಾ ಇಲ್ಲಿ!" ಎಂದು ಇಪ್ಬುನ್ ಕೂಗಿದಳು.

ಓಕ್ದಾನ್ ತಲೆ ಆಡಿಸಿದಳು. ಕೇಳಿಸಿತ್ತು, ಬರುವುದಿಲ್ಲ ಎಂದರ್ಥ.

ಇಪ್ಬುನ್ ಸೈನಿಕನ ಹತ್ತಿರ ಹೋಗಿ ಎರಡೂ ಕೈ ಚಾಚಿದಳು. "ಕೊಡಪ್ಪ." ಹುಡುಗ ಗಾಬರಿಯಾಗಿ ಕ್ಯಾಪ್ಟನ್‌ನ ಮುಖ ನೋಡಿದ. ಹಾಗೆ ಕೊಡುವ ಪದ್ಧತಿ ಇರಲಿಲ್ಲ. ಕ್ಯಾಪ್ಟನ್ ಬೇಲಿಯ ಕಡೆ ಒಮ್ಮೆ ನೋಡಿ, ಕೊಡು ಎಂದು ಕಣ್ಸನ್ನೆ ಮಾಡಿದ. ಇಪ್ಬುನ್ ಪೆಟ್ಟಿಗೆಯನ್ನು ತೋಳಲ್ಲಿ ಎತ್ತಿಕೊಂಡಳು. ತನ್ನನ್ನು ಬೆನ್ನ ಮೇಲೆ ಹೊತ್ತವನು ಮಗುವಿನಷ್ಟೂ ಭಾರವಿರಲಿಲ್ಲ. ಕುಂಟುತ್ತಾ ಅಂಗಳ ದಾಟಿದಳು, ಬೇಲಿ ದಾಟಿದಳು.

"ನೀನು ಬರಲ್ಲ ಅಂದ್ಯಲ್ಲ. ಅವನೇ ಬಂದ ನೋಡು."

ಓಕ್ದಾನ್ ಕೋಲನ್ನು ಮಗನ ಕೈಗೆ ಕೊಟ್ಟಳು. ಬಾವುಟದ ಮೇಲೆ ಅಂಗೈ ಇಟ್ಟಳು. ಕ್ಯಾಪ್ಟನ್‌ನನ್ನು ಕೇಳಿದಳು, "ತಲೆ ಸಿಕ್ತಾ?"

"ಇನ್ನೂ ಇಲ್ಲ ಅಮ್ಮ. ಮತ್ತೆ ಹುಡುಕ್ತೀವಿ."

"ಹಾಗಾದ್ರೆ ಇವರಿಗೆ ನನ್ನ ಗುರುತು ಹೇಗೆ ಸಿಗುತ್ತೆ," ಎಂದಳು, ತನಗೆ ತಾನೇ. ಆಮೇಲೆ ಬಗ್ಗಿ ಪೆಟ್ಟಿಗೆಯ ಹತ್ತಿರ ಬಾಯಿ ತಂದಳು. ಕಿವಿ ಮಂದವಾದವರ ಪಿಸುಮಾತು, ಅಂಗಳಕ್ಕೆಲ್ಲ ಕೇಳಿಸಿತು.

"ರೀ... ನಾನು ಕಣ್ರೀ. ಓಕ್ದಾನ್. ಮುದುಕಿ ಆಗಿಬಿಟ್ಟೆ, ನೀವು ಇಪ್ಪತ್ತೊಂದರಲ್ಲೇ ನಿಂತ್ಬಿಟ್ರಿ. ತಡ ಮಾಡಿದ್ರಿ. ಕಾಯ್ಲಿಲ್ಲ ನಾನು, ಅತ್ತೆ ಕಾಯಬೇಡ ಅಂದ್ರು. ಬೇಜಾರು ಮಾಡ್ಕೋಬೇಡಿ." ಉಸಿರು ತೆಗೆದುಕೊಂಡಳು. "ಇವನು ನನ್ನ ದೊಡ್ಡ ಮಗ. ಒಳ್ಳೇ ಹುಡುಗ. ಅಡ್ಡ ಬೀಳೋ ಜೋಂಗ್ದು."

ಐವತ್ತಾರು ವರ್ಷದ ಹುಡುಗ ಕೋಲನ್ನು ಬೇಲಿಗೆ ಒರಗಿಸಿ, ತೋಟದ ಬೂಟಿನಲ್ಲೇ ರಸ್ತೆಯ ಮಣ್ಣಿನಲ್ಲಿ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ ಎರಡು ಸಲ ಅಡ್ಡಬಿದ್ದ. ತನಗೆ ಏನೂ ಆಗಬೇಕಿಲ್ಲದ ಮನುಷ್ಯನಿಗೆ. ಎದ್ದಾಗ ಹಣೆಗೆ ಮಣ್ಣು ಮೆತ್ತಿತ್ತು. ಒರೆಸಿಕೊಳ್ಳಲಿಲ್ಲ. ಬ್ಯೊಂಗೊ ಹೋಗಿ ಅವನ ಭುಜ ತಟ್ಟಿದ. ಜನ ಯಾರೂ ನಗಲಿಲ್ಲ.

ಓಕ್ದಾನ್ ಪೆಟ್ಟಿಗೆಯಿಂದ ಕೈ ತೆಗೆದು, "ಹೊರಡಿ, ಹೊತ್ತಾಯ್ತು," ಎಂದಳು.

ಸ್ಮಶಾನಕ್ಕೆ ಮಿಲಿಟರಿ ಬಸ್ಸಿನಲ್ಲಿ ಇಪ್ಬುನ್ ಮತ್ತು ಮನೆತನದವರು ಹೋದರು. ಬಂದೂಕು ಹಾರಿಸಿದಾಗ ಇಪ್ಬುನ್ ಬೆಚ್ಚಿದಳು. ಇದೇ ಸದ್ದು ಕೇಳಿ ಕೇಳಿ ಸತ್ತವನಿಗೆ ಮತ್ತೆ ಅದನ್ನೇ ಕೇಳಿಸಬೇಕಾ ಎನ್ನಿಸಿತು. ಒಂದು ಹಿಡಿ ಮಣ್ಣು ಹಾಕಿದಳು. ಸಾಲು ಸಾಲು ಕಲ್ಲುಗಳ ನಡುವೆ ಅವನದೂ ಒಂದು ಕಲ್ಲು, ಹೆಸರು ಸರಿಯಾಗಿ ಕೆತ್ತಿದ್ದರು. ಆ ಹೆಸರನ್ನು ನೋಡುತ್ತಿದ್ದಾಗ ಅವಳಿಗೆ ಮೊದಲ ಸಲ ಅವನು ಈ ಕಡೆ ತಿರುಗಿದ: ಅಗಲ ಹಣೆ, ಅರ್ಧ ಹುಬ್ಬು, ಬಾಯಿಗೆ ಅಡ್ಡ ಹಿಡಿದ ಕೈ. ಅದು ನೆನಪೋ, ಓಕ್ದಾನ್ ಕೊಟ್ಟದ್ದೋ ಅವಳಿಗೆ ಗೊತ್ತಾಗಲಿಲ್ಲ. ಯಾವುದಾದರೇನು ಎಂದುಕೊಂಡು ಮನಸಾರೆ ಅತ್ತಳು.

ಹೊರಗೆ ಬಂದಾಗ ಗಾಡಿ ನಿಲ್ಲಿಸುವ ಜಾಗದ ಕೊನೆಯಲ್ಲಿ ಒಂದು ಚಿಕ್ಕ ನೀಲಿ ಲಾರಿ ನಿಂತಿತ್ತು. ಹಿಂದೆ ಖಾಲಿ ಸೇಬಿನ ಕ್ರೇಟುಗಳು. ಮುಂದೆ ಓಕ್ದಾನ್ ಕೂತಿದ್ದಳು. ಜೋಂಗ್ದು ತಲೆ ಕೆರೆದುಕೊಂಡು ಹೇಳಿದ, "ಅತ್ತೇ, ಬಸ್ಸು ಹೊರಟ ಮೇಲೆ, ಹಿಂದೆ ಹೋಗೋ ಅಂದ್ರು ಅಮ್ಮ. ದಾರಿಯುದ್ದಕ್ಕೂ ಮಾತಿಲ್ಲ. ಇಲ್ಲಿ ಬಂದ ಮೇಲೆ ಇಳಿಯೋದೂ ಇಲ್ಲ." ಅವನು ತನ್ನನ್ನು ಅತ್ತೆ ಎಂದದ್ದನ್ನು ಇಪ್ಬುನ್ ಗಮನಿಸಿದಳು. ಅಮ್ಮನ ಹಳೆಯ ನಾದಿನಿಗೆ ಅವನಿಗೆ ತೋಚಿದ ಹೆಸರು ಅದೇ.

ಬಸ್ಸಿನವರಿಗೆ ಹೋಗಿ ಎಂದು ಕೈಬೀಸಿ ಇಪ್ಬುನ್ ಲಾರಿ ಹತ್ತಿದಳು. ಮುಂದಿನ ಸೀಟಿನಲ್ಲಿ ಮೂವರು ಒತ್ತಿಕೊಂಡು ಕೂತರು. ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿ ಬಿಸಿ ಸಾರನ್ನ ಉಂಡರು. ಮತ್ತೆ ಲಾರಿ ಹೊರಟ ಮೇಲೆ ಇಪ್ಬುನ್ ಓಕ್ದಾನ್‌ಳ ಕಿವಿಯ ಹತ್ತಿರ ಬಗ್ಗಿದಳು.

"ಇನ್ನೂ ಹೇಳೇ."

"ಇನ್ನೇನು ಹೇಳೋದು? ವಸಂತದಲ್ಲಿ ಬಂದೆ, ಬೇಸಿಗೇಲಿ ಅವರು ಹೋದ್ರು. ಇದ್ದದ್ದೇ ಅಷ್ಟು. ಎಲ್ಲಾ ಹೇಳಿಯಾಯ್ತು."

"ಹೇಳಿದ್ದನ್ನೇ ಮತ್ತೆ ಹೇಳು."

ಓಕ್ದಾನ್ ಕಿಟಕಿಯ ಹೊರಗೆ ಕೊಯ್ದ ಗದ್ದೆಗಳನ್ನು ನೋಡಿದಳು. ಆಮೇಲೆ ಒಮ್ಮೆಲೇ ನಕ್ಕಳು.

"ಮದುವೆ ದಿನ ಯಾರದೋ ದೊಡ್ಡ ಬೂಟು ಕೇಳಿ ಹಾಕ್ಕೊಂಡು ಬಂದಿದ್ರು. ನಮ್ಮ ಮನೆ ಹೊಸ್ತಿಲು ದಾಟುವಾಗ ಒಂದು ಬೂಟು ಆಚೆನೇ ಉಳೀತು. ಹಿಂದೆ ತಿರುಗಿದ್ರೆ ಅಪಶಕುನ ಅಂತ ಯಾರೋ ಹೇಳಿದ್ರಂತೆ. ಒಂದು ಕಾಲಲ್ಲಿ ಬೂಟು, ಒಂದು ಕಾಲಲ್ಲಿ ಬರೀ ಕಾಲುಚೀಲ. ಹಾಗೇ ಗಂಭೀರವಾಗಿ ಬಂದು ನನ್ನೆದುರಿಗೆ ನಿಂತ್ಕೊಂಡ್ರು. ನಾನು ತಲೆ ತಗ್ಗಿಸ್ಕೊಂಡಿದ್ನಲ್ಲ, ಮೊದಲು ನೋಡಿದ್ದು ಆ ಕಾಲುಚೀಲಾನೇ. ಹೆಬ್ಬೆರಳ ಹತ್ರ ತೂತು."

ಜೋಂಗ್ದು ಸ್ಟೀರಿಂಗ್ ಮೇಲೆ ಬಗ್ಗಿ ನಕ್ಕ. ಇಪ್ಬುನ್ ನಗಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಆ ಹೊಸ್ತಿಲನ್ನು ನೋಡುತ್ತಿದ್ದಳು.

"ಯಾವ ಕಾಲು?" ಎಂದಳು.

ಓಕ್ದಾನ್ ಬಹಳ ಹೊತ್ತು ಯೋಚಿಸಿದಳು. ಲಾರಿ ಒಂದು ಸುರಂಗ ಹೊಕ್ಕು ಆಚೆ ಬಂತು.

"ಎಡಗಾಲು," ಎಂದಳು. "ಎಡಗಾಲೇ ಇರ್ಬೇಕು."